ಸೇಡಂ ರಸ್ತೆಯಲ್ಲಿ ಹೆಣ್ಣುಮಕ್ಕಳ ಅಳತೆ

ಕಲಬುರಗಿ ನಗರದಿಂದ ಹೊರಟು, ಮಳಖೇಡವನ್ನು ಹಾದು, ಸೇಡಮಿಗೆ ಹೋಗಿ ಮುಟ್ಟುವ ರಸ್ತೆಯ ಇಕ್ಕೆಲಗಳಲ್ಲಿ ಕಳೆದ ಅರುವತ್ತು ವರ್ಷಗಳಿಂದ ಎದ್ದುನಿಂತ ಕಟ್ಟಡಗಳ ಹೆಸರುಗಳನ್ನು ಸುಮ್ಮನೆ ಓದಿಕೊಂಡು ಹೋದರೂ ಸಾಕು, ಈ ಸೀಮೆಯ ತಂದೆತಾಯಿಗಳ ಆಸೆಯ ಸ್ವರೂಪವೇನೆಂಬುದು ಮನಸ್ಸಿಗೆ ಹೊಳೆಯುವುದು. ಮಹಾದೇವಪ್ಪ ರಾಂಪುರೆಯವರ ಹೆಸರಿನ ವೈದ್ಯಕೀಯ ಮಹಾವಿದ್ಯಾಲಯವು 1963ರಲ್ಲಿ ಆರಂಭವಾಯಿತು; ಬಸವೇಶ್ವರ ಆಸ್ಪತ್ರೆ, ಸರಕಾರಿ ವೈದ್ಯಕೀಯ ಸಂಸ್ಥೆ, ಇ.ಎಸ್.ಐ. ಆಸ್ಪತ್ರೆಗಳು ಅದೇ ಹಾದಿಯಲ್ಲಿವೆ. 1980ರಲ್ಲಿ ಸ್ವತಂತ್ರವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವೂ ಅಲ್ಲಿಯೇ. ಮಗಳನ್ನು ಡಾಕ್ಟರಾಗಿ ನೋಡಬೇಕೆಂಬ ಬಯಕೆ ಈ ಊರಿನ ಮನೆಗಳಲ್ಲಿ ಎಷ್ಟು ಸಾಮಾನ್ಯವೋ, ಅದೇ ಮಗಳು ‘ಸಣ್ಣಗ, ಬೆಳ್ಳಗ’ ಕಾಣಬೇಕೆಂಬ ಬಯಕೆಯೂ ಅಷ್ಟೇ ಸಾಮಾನ್ಯವಾದುದರಿಂದ, ಬೆಳಗಿನ ಹೊತ್ತು ಈ ರಸ್ತೆಯಲ್ಲಿ ಪುಸ್ತಕದ ಚೀಲ ಹೊತ್ತು ಸಾಗುವ ಹುಡುಗಿಯು ತನ್ನ ಬುದ್ಧಿಯ ಪರೀಕ್ಷೆಯೊಡನೆ ತನ್ನ ಮೈಯ ಪರೀಕ್ಷೆಯನ್ನೂ ಪ್ರತಿದಿನ ಕೊಡುತ್ತಿರುವಳೆಂದರೆ ಅತಿಶಯೋಕ್ತಿಯಾಗದು. ಈ ಎರಡನೆಯ ಪರೀಕ್ಷೆಗೂ ಒಂದು ಚರಿತ್ರೆಯುಂಟು. ಕಟ್ಟಡಗಳ ಚರಿತ್ರೆಯನ್ನು ಬರೆದವರು ಹಲವರಾದರೂ, ಈ ಚರಿತ್ರೆಯನ್ನು ಬರೆಯುವ ಗೋಜಿಗೆ ಹೋದವರು ವಿರಳ.

ಆರಂಭವನ್ನು ಇದೇ ರಸ್ತೆಯಲ್ಲಿ ಹುಡುಕಬಹುದಾಗಿದೆ. ನಗರದಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಲ್ಲಿ ಒಂಬತ್ತನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನಿಗೆ ಗುರುವೆಂದು ಪ್ರಸಿದ್ಧನಾದ ಜಿನಸೇನಾಚಾರ್ಯನು ತನ್ನ ಸಂಸ್ಕೃತ ಆದಿಪುರಾಣದಲ್ಲಿ ಒಂದು ಪ್ರಸಂಗವನ್ನು ಹೇಳಿರುವನು. ಮೊದಲ ತೀರ್ಥಂಕರನಾದ ಪುರುದೇವನಲ್ಲಿಗೆ ಅವನ ಇಬ್ಬರು ಕುಮಾರಿಯರು, ಬ್ರಾಹ್ಮಿಯೂ ಸುಂದರಿಯೂ, ಬಂದು ನಮಸ್ಕರಿಸುವರು. ತಂದೆಯು ಅವರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಒಬ್ಬಳಿಗೆ ಬಲಗೈಯಿಂದ ಅಕ್ಷರಗಳನ್ನೂ ಮತ್ತೊಬ್ಬಳಿಗೆ ಎಡಗೈಯಿಂದ ಅಂಕಿಗಳನ್ನೂ ಬರೆದು ಕಲಿಸುವನು. ಗಂಡುಮಕ್ಕಳ ಸರದಿ ಬರುವುದು ಆಮೇಲೆ. ಲೋಕಕ್ಕೆ ಲಿಪಿಯೂ ಗಣಿತವೂ ಎರಡು ಹೆಣ್ಣುಮಕ್ಕಳ ಮೂಲಕ ಇಳಿದುವೆಂಬ ಈ ಕಥೆ ನಮ್ಮ ಹೆಣ್ಣುಮಕ್ಕಳ ಶಾಲೆಗಳ ಗೋಡೆಗಳ ಮೇಲೆ ಇರತಕ್ಕದ್ದು, ಏಕೋ ಇಲ್ಲ. ಆದರೆ ಪಾಠಕ್ಕೆ ಮುನ್ನ ಆ ತಂದೆಯು ಆಡುವ ಮಾತನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕು. ನಿಮ್ಮ ಈ ದೇಹವೂ ವಯಸ್ಸೂ ಶೀಲವೂ ಅನುಪಮವಾದವು, ಇವಕ್ಕೆ ವಿದ್ಯೆಯ ಅಲಂಕಾರವೂ ಸೇರಿದರೆ ಜನ್ಮವು ಸಫಲವಾಗುವುದೆಂಬ ತಾತ್ಪರ್ಯದ ಮಾತದು. ಸಾವಿರದ ನೂರು ವರ್ಷಗಳ ಹಿಂದೆ ಹೆಣ್ಣುಮಕ್ಕಳಿಗೆ ಓದು ಬೇಕೆಂದು ಇಷ್ಟು ಸ್ಪಷ್ಟವಾಗಿ ನುಡಿದ ಕವಿಯನ್ನು ಕೊಂಡಾಡೋಣ. ಆದರೆ ಎಣಿಕೆಯ ಮೊದಲ ಸ್ಥಾನದಲ್ಲಿ ದೇಹವೇ ಇದೆಯೆಂಬುದನ್ನೂ, ವಿದ್ಯೆಯು ಅದರ ಮೇಲೆ ತೊಡಿಸುವ ಒಡವೆಯಾಗಿದೆಯೆಂಬುದನ್ನೂ ಮರೆಯದಿರೋಣ. ಮಗಳ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಹಿಗ್ಗುತ್ತ, ಮರುಗಳಿಗೆಯಲ್ಲಿಯೇ ಅವಳ ಮುಖದ ಮೊಡವೆಗಳನ್ನು ಎಣಿಸುವ ಇಂದಿನ ತಂದೆತಾಯಿಗಳಿಗೆ ಪೂರ್ವಿಕರಿಲ್ಲದೆ ಇಲ್ಲ.

ನಗರದಿಂದ ಇನ್ನೊಂದು ದಿಕ್ಕಿಗೆ ಹೊರಡುವ ಹಾದಿ ಕಮಲಾಪುರದ ಮೇಲೆ ಹುಮನಾಬಾದಿಗೂ ಅಲ್ಲಿಂದ ಬಸವಕಲ್ಯಾಣದ ಕಡೆಗೂ ಒಯ್ಯುತ್ತದೆ. ಆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು ಅರಸನ ಉಪಭೋಗಗಳನ್ನು ವರ್ಣಿಸುವಾಗ ಸ್ನಾನ, ತಾಂಬೂಲ, ವಿಲೇಪನ, ವಸ್ತ್ರ, ಮಾಲ್ಯ, ಭೂಷಣಗಳ ಸಾಲಿನಲ್ಲಿಯೇ ಸ್ತ್ರೀಯನ್ನೂ ಇಟ್ಟು ಲಕ್ಷಣಗಳನ್ನು ವಿಂಗಡಿಸಿ ಹೇಳುವುದು. ಅರ್ಧ ಶತಮಾನ ಕಳೆಯುವುದರೊಳಗೆ ಅದೇ ಊರಿನಲ್ಲಿ ಅದಕ್ಕೆ ಉತ್ತರವೂ ಹುಟ್ಟಿತು. ಅರಸನನ್ನೂ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ತೊರೆದು, ತನ್ನ ಮೈಯನ್ನು ನೋಡುವ ಅಧಿಕಾರ ಲೋಕಕ್ಕಿಲ್ಲವೆಂದು ಸಾರುತ್ತ ಕಲ್ಯಾಣಕ್ಕೆ ನಡೆದುಬಂದ ಮಹಾದೇವಿಯಕ್ಕನ ಕಥೆಯನ್ನು ಈ ಭಾಗದ ಮಕ್ಕಳು ಇಂದಿಗೂ ಶಾಲೆಯಲ್ಲಿ ಓದುತ್ತಾರೆ. ಓದಿ, ಪ್ರಶ್ನೋತ್ತರ ಬರೆದು, ಮನೆಗೆ ಬಂದು ಮುಖಕ್ಕೆ ಕಡಲೆಹಿಟ್ಟು ಅರಿಸಿನ ಹಚ್ಚಿಕೊಂಡು ಕುಳಿತುಕೊಳ್ಳುತ್ತಾರೆ. ಇದು ಮಕ್ಕಳ ದೋಷವಲ್ಲ. ಅಕ್ಕನನ್ನು ಪೂಜಿಸಲು ಕಲಿಸಿದ ನಾವು, ಅವಳ ಮಾತನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ.

ಗ್ರಂಥಗಳಿಂದ ಇಳಿದು ಮನೆಯ ಪಡಸಾಲೆಗೆ ಬಂದರೆ, ಹೆಣ್ಣಿನ ಅಳತೆಯ ನಿಜವಾದ ಪಾಠಶಾಲೆಯು ಅಲ್ಲಿ ಕಾಣುವುದು. ‘ಕನ್ಯಾ ನೋಡುವ’ ಪದ್ಧತಿಯನ್ನು ನಾನಿಲ್ಲಿ ಕೊಂಚ ವಿಸ್ತಾರವಾಗಿ ಹೇಳುವುದಕ್ಕೆ ಕಾರಣವುಂಟು. ಶಾಲೆಯೊಳಗೆ ಇಂದು ನಡೆಯುವುದರ ಬಹುಭಾಗ ಅಲ್ಲಿಂದಲೇ ಬಂದುದು. ಗಂಡಿನ ಕಡೆಯವರು ಬಂದು ಜಮಖಾನೆಯ ಮೇಲೆ ಕುಳಿತು ಚಹಾ ಕುಡಿದಾದ ಮೇಲೆ ಹುಡುಗಿಯನ್ನು ಕರೆತರುವರು. ಅವಳು ತಲೆ ತಗ್ಗಿಸಿ ಕುಳಿತುಕೊಳ್ಳಬೇಕು. ಗುಂಪಿನ ಹಿರಿಯಳೊಬ್ಬಳು ‘ನಿನ್ನ ಹೆಸರೇನವ್ವಾ?’ ಎಂದು ಕೇಳುವಳು. ಹೆಸರು ಅವರಿಗೆ ತಿಳಿಯದೆ ಇಲ್ಲ, ಕೇಳಬೇಕಾದುದು ದನಿಯನ್ನು, ತೊದಲಿದೆಯೋ ಇಲ್ಲವೋ ಎಂಬುದನ್ನು. ಬಳಿಕ ಒಳಗೆ ಹೋಗಿ ನೀರು ತರಲು ಹೇಳುವರು. ಬಾಯಾರಿಕೆಯಿಂದಲ್ಲ, ಕಾಲು ಕುಂಟುವುದೋ ನೆಟ್ಟಗಿದೆಯೋ ಎಂದು ತಿಳಿಯಲು. ಜಡೆಯನ್ನು ಹಿಂದಿನಿಂದ ಪ್ರೀತಿಯ ನೆಪದಲ್ಲಿ ಮುಟ್ಟಿ ನೋಡಿ, ಚೌರಿ ಸೇರಿದೆಯೋ ಸ್ವಂತದ ಕೂದಲೋ ಎಂದು ತೂಗುವರು. ಸೂಜಿಗೆ ದಾರ ಪೋಣಿಸಲು ಕೊಟ್ಟು ಕಣ್ಣನ್ನೂ, ಒಂದು ಹಾಡು ಹೇಳಿಸಿ ನಾಚಿಕೆಯನ್ನೂ ಅಳೆಯುವ ಮನೆಗಳುಂಟು. ಬಣ್ಣವನ್ನು ಮಾತ್ರ ಯಾರೂ ಬಾಯಿಬಿಟ್ಟು ಪರೀಕ್ಷಿಸುವುದಿಲ್ಲ. ಅದು ಹೊಸ್ತಿಲು ದಾಟುವಾಗಲೇ ಆಗಿಹೋಗಿರುತ್ತದೆ. ಊರಿಗೆ ಹೋದ ಮೇಲೆ ಬರುವ ಉತ್ತರಕ್ಕಾಗಿ ಕಾಯುತ್ತ ಕುಳಿತ ತಾಯಿಯು ನೆರೆಯವಳೆದುರು ‘ಬೆಳ್ಳಗಿಲ್ಲ ಖರೆ, ಆದ್ರ ಲಕ್ಷಣಾಗಿ ಅದಾಳ’ ಎನ್ನುವಳು. ಈ ಮಾತನ್ನು ಹುಡುಗಿಯು ಅಡುಗೆಮನೆಯಿಂದ ಕೇಳುವಳು. ಅವಳ ತಂಗಿಯೂ ಕೇಳುವಳು. ಎಂಟು ವರುಷದ ತಂಗಿಗೆ ಮೈಯೆಂದರೆ ಏನೆಂಬ ಪಾಠವು ಮೊದಲು ದೊರೆತುದು ಹೀಗೆ, ಅಕ್ಕನ ಪರೀಕ್ಷೆಯ ಫಲಿತಾಂಶದ ಮೂಲಕ.

ನಮ್ಮ ಅಜ್ಜಿಯರ ಕಾಲದಲ್ಲಿ ಹೀಗೆ ಪರೀಕ್ಷೆಗೆ ಕುಳಿತ ಹುಡುಗಿಯ ವಯಸ್ಸಾದರೂ ಎಷ್ಟು? ಹೆಣ್ಣಿಗೆ ಹದಿನಾಲ್ಕು ತುಂಬದೆ ಮದುವೆ ಕೂಡದೆಂದು ವಿಧಿಸಿದ ಶಾರದಾ ಕಾಯಿದೆಯು 1929ರಲ್ಲಿ ಅಂಗೀಕೃತವಾಗಿ ಮರುವರ್ಷ ಜಾರಿಗೆ ಬಂದಿತಾದರೂ ಅದು ಬ್ರಿಟಿಷರ ಆಡಳಿತದ ಪ್ರಾಂತ್ಯಗಳಿಗೆ ಅನ್ವಯಿಸುವ ಶಾಸನವಾಗಿತ್ತು. ಕಲಬುರಗಿಯೋ ನಿಜಾಮರ ಹೈದರಾಬಾದು ಸಂಸ್ಥಾನದ ಒಂದು ಸುಭಾದ ಕೇಂದ್ರ. ಪೇಟೆಗೆ ರೈಲು ಬಂದಿತ್ತು, ಹತ್ತಿಯ ಗಿರಣಿ ಬಂದಿತ್ತು, 1907ರಲ್ಲಿ ನೂತನ ವಿದ್ಯಾಲಯವೂ ಹುಟ್ಟಿತ್ತು; ಆದರೆ ಆಡಳಿತದ ಭಾಷೆ ಉರ್ದುವಾಗಿ, ಮೇಲಿನ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯುತ್ತಿದ್ದ ಆ ಸೀಮೆಯಲ್ಲಿ ಕನ್ನಡದ ಗಂಡುಮಕ್ಕಳಿಗೇ ಓದು ಕಷ್ಟಸಾಧ್ಯವಾಗಿದ್ದಾಗ ಹೆಣ್ಣುಮಕ್ಕಳ ಮಾತನ್ನು ಎತ್ತುವವರು ಯಾರು? ಎತ್ತಿದವರು ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು. 1934ರಲ್ಲಿ ಅವರು ಶರಣಬಸವೇಶ್ವರ ವಿದ್ಯಾವರ್ಧಕ ಸಂಘವನ್ನು ಕಟ್ಟಿ, ಮಹಾದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ದಾಸೋಹದ ಮನೆಯೊಂದು ಅನ್ನದೊಡನೆ ಅಕ್ಷರವನ್ನೂ ಬಡಿಸಲು, ಅದೂ ಹೆಣ್ಣುಮಕ್ಕಳಿಗೆ ಮೊದಲು ಬಡಿಸಲು ನಿಶ್ಚಯಿಸಿದುದು ಈ ನಗರದ ಚರಿತ್ರೆಯಲ್ಲಿ ಚಿಕ್ಕ ಸಂಗತಿಯಲ್ಲ.

ಶಾಲೆಗೆ ಮಗಳನ್ನು ಕಳುಹಿಸಲು ಅಂದಿನ ತಂದೆತಾಯಿಗಳು ಒಡ್ಡುತ್ತಿದ್ದ ಅಡ್ಡಿಗಳನ್ನು ಗಮನಿಸಿದರೆ ಒಂದು ಕುತೂಹಲದ ಸಂಗತಿ ಕಂಡುಬರುವುದು: ಅವುಗಳಲ್ಲಿ ಬುದ್ಧಿಗೆ ಸಂಬಂಧಿಸಿದವು ಅತ್ಯಲ್ಪ, ಮೈಗೆ ಸಂಬಂಧಿಸಿದವೇ ಬಹಳ. ಬಿಸಿಲಿಗೆ ಹುಡುಗಿ ಕರ್ರಗಾಗುವಳು. ಬೀದಿಯ ಜನ ನೋಡುವರು. ‘ದೊಡ್ಡಾಕಿ’ ಆದ ಮೇಲಂತೂ ಹೊರಗೆ ಹೆಜ್ಜೆಯಿಡುವುದೇ ಕೂಡದು. ಹಿಂದು ಮುಸಲ್ಮಾನರೆಂಬ ಭೇದವಿಲ್ಲದೆ, ಸ್ಥಿತಿವಂತರ ಮನೆಗಳ ಹುಡುಗಿಯರು ಪರದೆ ಕಟ್ಟಿದ ಬಂಡಿಗಳಲ್ಲಿ ಕುಳಿತು ಪಾಠಕ್ಕೆ ಹೋಗುತ್ತಿದ್ದುದು ಸಂಸ್ಥಾನದ ಪಟ್ಟಣಗಳಲ್ಲಿ ಅಪರೂಪದ ನೋಟವಾಗಿರಲಿಲ್ಲ. ನಾಲ್ಕನೆಯ ಇಯತ್ತೆಯೋ ಏಳನೆಯದೋ ಮುಗಿಯುವ ಹೊತ್ತಿಗೆ ಹುಡುಗಿಯ ಮೈ ತುಂಬಿದರೆ ಅಲ್ಲಿಗೆ ಸರಸ್ವತಿಗೆ ನಮಸ್ಕಾರ. ಹೀಗೆ ಒಂದು ತಲೆಮಾರಿನ ಹೆಣ್ಣುಮಕ್ಕಳು ತಮ್ಮ ದೇಹವನ್ನು ಮೊತ್ತಮೊದಲು ಅರಿತುದು ಓದಿಗೆ ಬಂದ ವಿಘ್ನವೆಂದು. ತಮ್ಮ ಮೈಯೇ ತಮ್ಮನ್ನು ಶಾಲೆಯಿಂದ ಬಿಡಿಸಿತೆಂದು ಬಗೆದವರು ಆ ಮೈಯನ್ನು ಹೇಗೆ ತಾನೇ ಪ್ರೀತಿಸಿಯಾರು?

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರಿನಲ್ಲಿ ಕಲಬುರಗಿಯು ವಿಶಾಲ ಮೈಸೂರಿಗೆ ಬಂದಿತು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಸ್ಥಾಪಿತವಾಯಿತು. ಮುಂದೆ ಒಂದೊಂದಾಗಿ ಗೋದುತಾಯಿಯವರ ಹೆಸರಿನದು, ವೀರಮ್ಮ ಗಂಗಸಿರಿಯವರ ಹೆಸರಿನದು, ಬೀಬಿ ರಜಾ ಅವರ ಹೆಸರಿನದು ಎಂದು ಮಹಿಳಾ ಮಹಾವಿದ್ಯಾಲಯಗಳು ತಲೆಯೆತ್ತಿದುವು. ಇದೇ ಕಾಲದಲ್ಲಿ ‘ಕನ್ಯಾ ನೋಡಲು’ ಬಂದವರ ಪ್ರಶ್ನೆಗಳಲ್ಲಿ ಹೊಸದೊಂದು ಸೇರಿತು: ‘ಹುಡುಗಿ ಎಷ್ಟ ಕಲ್ತಾಳ?’ ಕಲಿತ ಗಂಡಿಗೆ ಕಲಿತ ಹೆಣ್ಣು ಬೇಕಾಯಿತು. ಮೇಲುನೋಟಕ್ಕೆ ಇದು ವಿದ್ಯೆಯ ವಿಜಯವೆಂದೇ ಕಾಣುವುದು, ಮತ್ತು ಹಲವು ಮನೆಗಳಲ್ಲಿ ವಿಜಯವೇ ಆಯಿತು. ಆದರೆ ಹಳೆಯ ಪ್ರಶ್ನೆಗಳು ಹೋದುವೆ? ಇಲ್ಲ, ಬಣ್ಣ, ಜಡೆ, ಎತ್ತರಗಳ ಕೆಳಗೆ ವಿದ್ಯೆಯೂ ಒಂದು ಬಾಬತ್ತಾಗಿ ನಿಂತಿತು. ಮದುವೆಯ ಸಲುವಾಗಿ ಫೋಟೋ ತೆಗೆಸುವ ರೂಢಿಯೂ ಅದೇ ಸುಮಾರಿಗೆ ಬಲಗೊಂಡಿತು. ಸ್ಟುಡಿಯೋದವನು ಮುಖಕ್ಕೆ ಎರಡು ಕಡೆಯಿಂದ ದೀಪ ಹಿಡಿದು, ಬಳಿಕ ಪೆನ್ಸಿಲಿನಿಂದ ತಿದ್ದಿ, ಇದ್ದ ಹುಡುಗಿಗಿಂತ ನಾಲ್ಕು ಪಾಲು ಬೆಳ್ಳಗಿನ ಹುಡುಗಿಯನ್ನು ಕಾಗದದ ಮೇಲೆ ಮೂಡಿಸಿ ಕೊಡುತ್ತಿದ್ದನು. ಶಾಲೆಯ ಗುಂಪು ಚಿತ್ರದಲ್ಲಿ ಇರುವಂತೆಯೇ ಕಾಣುತ್ತಿದ್ದ ಹುಡುಗಿಯು ಈ ಚಿತ್ರದಲ್ಲಿ ಮಾತ್ರ ಬೇರೊಬ್ಬಳಾಗಿದ್ದಳು. ತನ್ನ ಮುಖವನ್ನು ತಿದ್ದಿದ ಹೊರತು ಹೊರಗೆ ಕಳುಹಿಸುವಂತಿಲ್ಲವೆಂಬ ಭಾವನೆ ಇಂದಿನ ಮೊಬೈಲು ಫೋನುಗಳಿಂದ ಹುಟ್ಟಿತೆನ್ನುವವರು ಈ ಪೆನ್ಸಿಲನ್ನು ಮರೆತಿರುವರು.

ಈ ಪ್ರವಾಹಕ್ಕೆ ಎದುರಾಗಿ ಈಜಿದವರೂ ಇದ್ದರು. ಇದೇ ಸೀಮೆಯ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ ಗೀತಾ ನಾಗಭೂಷಣರು ಗಿರಣಿ ಕೂಲಿಕಾರನ ಮನೆಯಿಂದ ಬಂದು, ಓದಿ, ಕಾಲೇಜಿನಲ್ಲಿ ಓದಿಸಿ, ಈ ನೆಲದ ಮಾತಿನಲ್ಲಿಯೇ ಕಾದಂಬರಿಗಳನ್ನು ಬರೆದರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರ ಕಥೆಗಳ ಹೆಂಗಸರು ಕಪ್ಪಗಿರುವರು, ದುಡಿದು ಒರಟಾದ ಕೈಗಳುಳ್ಳವರು, ಹಾಗಿರುವುದಕ್ಕೆ ಯಾರ ಕ್ಷಮೆಯನ್ನೂ ಕೇಳದವರು. ಹೈಸ್ಕೂಲಿನ ಹುಡುಗಿಯರ ಕೈಗೆ ಈ ಪುಸ್ತಕಗಳನ್ನು ಇಡಲು ನಮ್ಮ ಶಾಲೆಗಳು ಏಕೆ ಹಿಂಜರಿಯುವುವೆಂಬುದು ನನಗೆ ಇನ್ನೂ ಅರ್ಥವಾಗದ ವಿಷಯ.

ಇನ್ನು 1975ನೆಯ ಇಸವಿ. ಆ ವರ್ಷದ ಆಗಸ್ಟ್ 1ರಂದು ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಶಿಕ್ಷಣದ ಸಲುವಾಗಿ ದೂರದರ್ಶನವನ್ನು ತೋರಿಸುವ ಪ್ರಯೋಗ ಮೊದಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನವರು ದೂರದರ್ಶನದ ಪೆಟ್ಟಿಗೆಯನ್ನು ಕಣ್ಣಾರೆ ಕಾಣುವುದಕ್ಕೆ ಎಷ್ಟೋ ಮೊದಲೇ ನಮ್ಮ ಹಳ್ಳಿಗಳ ಮಕ್ಕಳು ಶಾಲೆಯ ಅಂಗಳದಲ್ಲಿ ಅದರೆದುರು ಕುಳಿತಿದ್ದರೆಂಬುದನ್ನು ರಾಜಧಾನಿಯ ಸ್ನೇಹಿತರಿಗೆ ಹೇಳಿದರೆ ನಂಬುವುದು ಕಷ್ಟ. ಬೆಳಿಗ್ಗೆ ಶಾಲಾಮಕ್ಕಳಿಗೆ ಪಾಠ, ಸಂಜೆ ಒಕ್ಕಲುತನ, ಆರೋಗ್ಯ, ಕುಟುಂಬಯೋಜನೆ. ಜಾಹೀರಾತು ಇರಲಿಲ್ಲ. ಆ ಪೆಟ್ಟಿಗೆಯಲ್ಲಿ ಕಾಣುತ್ತಿದ್ದ ಹೆಂಗಸು ಮಗುವಿಗೆ ಗಂಜಿ ಉಣ್ಣಿಸುವವಳೋ ಬಾವಿಯ ನೀರನ್ನು ಸೋಸುವವಳೋ ಆಗಿದ್ದಳು. ಒಂದು ವರ್ಷ ನಡೆದು 1976ರ ಜುಲೈ ಕೊನೆಗೆ ಆ ಪ್ರಯೋಗ ಮುಗಿಯಿತು. 1977ರಲ್ಲಿ ಗುಲಬರ್ಗಾದಲ್ಲಿಯೇ ದೂರದರ್ಶನ ಕೇಂದ್ರ ಬಂದಿತು. ಈ ನಡುವೆ ನಡೆದುದು ಇಷ್ಟು: ಅದೇ 1975ರಲ್ಲಿ ಹಿಂದುಸ್ತಾನ್ ಲಿವರ್ ಕಂಪನಿಯು ಫೇರ್ ಅಂಡ್ ಲವ್ಲಿ ಎಂಬ ಮುಲಾಮನ್ನು ಮಾರುಕಟ್ಟೆಗೆ ತಂದಿತು, ಮತ್ತು 1976ರ ಜನವರಿಯಿಂದ ದೂರದರ್ಶನವು ಜಾಹೀರಾತುಗಳನ್ನು ಸ್ವೀಕರಿಸಲಾರಂಭಿಸಿತು. ಪಾಠ ಹೇಳಲು ಬಂದ ಪೆಟ್ಟಿಗೆಯೇ ಕೆಲವು ವರ್ಷಗಳಲ್ಲಿ ಪಡಸಾಲೆಯ ಹಿರಿಯಳ ಜಾಗದಲ್ಲಿ ಕುಳಿತು, ಅವಳು ಬಾಯಿಬಿಟ್ಟು ಆಡದಿದ್ದ ಮಾತನ್ನು ಹಾಡು ಕಟ್ಟಿ ಆಡತೊಡಗಿತು. ಆ ಜಾಹೀರಾತುಗಳಲ್ಲಿ ಬಣ್ಣ ಬೆಳ್ಳಗಾದ ಹುಡುಗಿಗೆ ಮೊದಲು ವರ ದೊರೆಯುತ್ತಿದ್ದನು; ಬರಬರುತ್ತ ನೌಕರಿ ದೊರೆಯಿತು, ಪರೀಕ್ಷೆಯ ಯಶಸ್ಸೂ ದೊರೆಯಿತು. ಕಪ್ಪು ಬಣ್ಣವನ್ನು ಕೀಳೆಂದು ತೋರಿಸಬಾರದೆಂದು ಜಾಹೀರಾತುದಾರರ ಮಂಡಲಿಯು ನಿಯಮ ಮಾಡಿದುದು 2014ರಲ್ಲಿ. ಮುಲಾಮಿನ ಹೆಸರಿನಿಂದ ಬಿಳುಪಿನ ಮಾತು ಹೋದುದು 2020ರಲ್ಲಿ. ಮುಲಾಮು ಹೋಗಲಿಲ್ಲ.

ದೂರದ ಫಿಜಿ ದ್ವೀಪಗಳಲ್ಲಿ ಇದಕ್ಕೆ ಹೋಲುವ ಸಂಗತಿಯೊಂದು ನಡೆದು, ಅದನ್ನು ಒಬ್ಬ ವಿದುಷಿಯು ಅಳೆದು ಇಟ್ಟಿರುವುದರಿಂದ ಇಲ್ಲಿ ಹೇಳುವೆನು. ಮೈತುಂಬಿದ ಹೆಣ್ಣನ್ನೇ ಚೆಲುವೆಯೆಂದು ಬಗೆಯುತ್ತಿದ್ದ ಆ ದ್ವೀಪದ ಒಂದು ಭಾಗಕ್ಕೆ ದೂರದರ್ಶನ ಬಂದುದು 1995ರಲ್ಲಿ. ಹಾರ್ವರ್ಡಿನ ಆ್ಯನ್ ಬೆಕರ್ ಎಂಬವರು ಅಲ್ಲಿಯ ಶಾಲಾಬಾಲಿಕೆಯರನ್ನು ಆಗ ಒಮ್ಮೆಯೂ 1998ರಲ್ಲಿ ಮತ್ತೊಮ್ಮೆಯೂ ಪರೀಕ್ಷಿಸಿದಾಗ, ಊಟದ ವಿಷಯದಲ್ಲಿ ವಿಕಾರವಾದ ಆತಂಕವುಳ್ಳವರ ಪ್ರಮಾಣವು ನೂರಕ್ಕೆ 12.7ರಿಂದ 29.2ಕ್ಕೆ ಏರಿತ್ತು, ಮೊದಲು ಯಾರೂ ಮಾಡದಿದ್ದ, ತೆಳ್ಳಗಾಗಲೆಂದು ವಾಂತಿ ಮಾಡಿಕೊಳ್ಳುವ ಅಭ್ಯಾಸ 11.3ರಷ್ಟು ಹುಡುಗಿಯರಲ್ಲಿ ಕಂಡುಬಂದಿತ್ತು. ಮೂರೇ ವರ್ಷ! ನಮ್ಮಲ್ಲಿ ಅಂತಹ ಅಳತೆಯನ್ನು ಯಾರಾದರೂ 1975ರಲ್ಲಿಯೇ ಕೈಗೊಂಡಿದ್ದರೆ, ಪ್ರಪಂಚಕ್ಕೆ ಪಾಠವಾಗುವಂತಹ ಜಿಲ್ಲೆ ನಮ್ಮದಾಗಿರುತ್ತಿತ್ತು. ನಮ್ಮಲ್ಲಿ ಅಳತೆಯ ಮಾತು ಎದ್ದುದು ಬೇರೊಂದು ನೆಪದಿಂದ: 1996ರ ನವೆಂಬರಿನಲ್ಲಿ ಬೆಂಗಳೂರಿನ ಕ್ರೀಡಾಂಗಣದಲ್ಲಿ ವಿಶ್ವಸುಂದರಿಯ ಸ್ಪರ್ಧೆ ನಡೆದು, ರೈತಸಂಘದವರೂ ಮಹಿಳಾ ಸಂಘಟನೆಗಳವರೂ ಬೀದಿಗಿಳಿದು ವಿರೋಧಿಸಿದಾಗ ಇಡೀ ರಾಜ್ಯ ಅದರ ಮಾತನ್ನಾಡಿತು. ಹೆಣ್ಣಿನ ಸೊಂಟದ ಅಳತೆಯನ್ನು ಸಾರ್ವಜನಿಕವಾಗಿ ಓದುವುದು ಅಸಹ್ಯವೆಂದು ಸಿಟ್ಟಾದ ಗೃಹಸ್ಥರಲ್ಲಿ ಎಷ್ಟು ಮಂದಿ ತಮ್ಮ ಸೊಸೆಯ ಎತ್ತರವನ್ನು ಕೇಳಿ ಬರೆದುಕೊಂಡು ಬಂದವರೋ, ಶಿವನೇ ಬಲ್ಲ.

ಈಗ ಶಾಲೆಯ ತಕ್ಕಡಿಗೆ ಬರೋಣ. ಮಕ್ಕಳ ಪ್ರಗತಿಪತ್ರದಲ್ಲಿ ಕನ್ನಡ, ಗಣಿತ, ಸಮಾಜವಿಜ್ಞಾನಗಳ ಅಂಕಗಳ ಪಕ್ಕದಲ್ಲಿಯೇ ‘ಎತ್ತರ’, ‘ತೂಕ’ ಎಂಬ ಎರಡು ಮನೆಗಳಿರುವುದನ್ನು ಎಲ್ಲರೂ ನೋಡಿರುವೆವು. ಇವು ಅಲ್ಲಿಗೆ ಬಂದುದು ಸೌಂದರ್ಯಕ್ಕಾಗಿ ಅಲ್ಲ. ನಮ್ಮ ದೇಶದಲ್ಲಿ ಶಾಲಾಮಕ್ಕಳ ವೈದ್ಯಪರೀಕ್ಷೆಯು 1909ರಲ್ಲಿ ಬರೋಡೆಯಲ್ಲಿ ಪ್ರಾರಂಭವಾಯಿತು. ಹಸಿದ ಮಗುವನ್ನು ಗುರುತಿಸುವುದು ಅದರ ಉದ್ದೇಶಗಳಲ್ಲೊಂದು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂತ್ರವನ್ನು 1830ರ ದಶಕದಲ್ಲಿ ಕಂಡುಹಿಡಿದ ಬೆಲ್ಜಿಯಮಿನ ಕೆಟಲೆಯು ಜನಸಮುದಾಯದ ಸರಾಸರಿಯನ್ನು ತಿಳಿಯಹೊರಟ ಗಣಿತಜ್ಞನೇ ಹೊರತು ವೈದ್ಯನಾಗಿರಲಿಲ್ಲ. ಅದಕ್ಕೆ ಇಂದಿನ ‘ಬಿ.ಎಂ.ಐ.’ ಎಂಬ ಹೆಸರು ಅಂಟಿದುದು 1972ರಲ್ಲಿ. ಒಂದು ಜನಾಂಗಕ್ಕೆ ಹೊಲಿದ ಅಂಗಿಯನ್ನು ಒಬ್ಬಳೇ ಹುಡುಗಿಗೆ ತೊಡಿಸಿ, ಹೊಂದದಿದ್ದರೆ ಅವಳನ್ನೇ ಹಳಿಯುವ ಪ್ರಮಾದವು ಆಮೇಲೆ ನಡೆಯಿತು.

ತೂಕವೆಂಬ ಒಂದೇ ಅಂಕಿಯು ಒಂದೇ ಜಿಲ್ಲೆಯಲ್ಲಿ ಎಷ್ಟು ಬೇರೆಬೇರೆ ಅರ್ಥಗಳನ್ನು ತಾಳಬಲ್ಲುದೆಂಬುದಕ್ಕೆ ಕಮಲಾಪುರವನ್ನೂ ಸೇಡಂ ರಸ್ತೆಯನ್ನೂ ಒಟ್ಟಿಗಿಟ್ಟು ನೋಡಬೇಕು. ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ನಗರದಿಂದ 40 ಕಿಲೋಮೀಟರಿಗೂ ಕಡಮೆ ದೂರ; ಅದರ ಸುತ್ತಿನ ಹಳ್ಳಿಗಳಲ್ಲಿ ತೊಗರಿಯ ರಾಶಿಯ ಕಾಲಕ್ಕೆ ತಾಯಿಯೊಡನೆ ಹೊಲಕ್ಕೆ ಹೋಗಿ ಶಾಲೆ ತಪ್ಪಿಸುವ ಹುಡುಗಿಯರು ಇಂದಿಗೂ ಇದ್ದಾರೆ. ಶಾಲೆಯಲ್ಲಿ ಬಿಸಿಯೂಟ ಕೊಡುವ ಸರಕಾರದ ಅಕ್ಷರದಾಸೋಹವು 2002ರ ಜೂನಿನಲ್ಲಿ ಮೊತ್ತಮೊದಲು ಆರಂಭವಾದುದು ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ, ಅದರಲ್ಲಿ ನಮ್ಮದೂ ಒಂದು. ಕಾರಣ ಬೇರೇನೂ ಅಲ್ಲ, ಮಕ್ಕಳ ಮೈಯಲ್ಲಿ ಮಾಂಸವಿರಲಿಲ್ಲ. 2021ರ ಡಿಸೆಂಬರಿನಲ್ಲಿ ಬಿಸಿಯೂಟದೊಡನೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ಕ್ರಮವೂ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದಲೇ ಆರಂಭವಾಯಿತು. ಕೆಲವು ಮಠಾಧಿಪತಿಗಳು ವಿರೋಧಿಸಿದಾಗ ಗಂಗಾವತಿಯ ಶಾಲಾಬಾಲಿಕೆಯರು, ನಮಗೆ ಮೊಟ್ಟೆ ಬೇಕು, ನಮ್ಮ ಊಟವನ್ನು ಬೇಡವೆನ್ನಲು ನೀವು ಯಾರೆಂದು ಎದೆಯೆತ್ತಿ ಕೇಳಿದುದನ್ನು ನಾಡೆಲ್ಲ ನೋಡಿತು. ತನ್ನ ಮೈಗೆ ಏನು ಬೇಕೆಂಬುದನ್ನು ಹುಡುಗಿಯೊಬ್ಬಳು ನಾಚದೆ ಹೇಳಿದ ದೃಶ್ಯವು ನಮ್ಮ ಚರಿತ್ರೆಯಲ್ಲಿ ಬಹು ವಿರಳವಾದುದರಿಂದ ಅದನ್ನು ಇಲ್ಲಿ ದಾಖಲಿಸುವೆನು. ಹಳ್ಳಿಯ ಶಾಲೆಯ ತಕ್ಕಡಿಯ ಮೇಲೆ ಎರಡು ಕಿಲೋ ಹೆಚ್ಚಾದರೆ ಮಾಸ್ತರರೂ ಅಡುಗೆಯ ಅಕ್ಕನೂ ಹಿಗ್ಗುವರು. ಅದೇ ಎರಡು ಕಿಲೋ ಸೇಡಂ ರಸ್ತೆಯ ಬಡಾವಣೆಯ ಹುಡುಗಿಯ ಮೈಗೆ ಸೇರಿದರೆ ಅವಳ ರೊಟ್ಟಿಯ ಲೆಕ್ಕ ಆರಂಭವಾಗುವುದು. ‘ಸಾಕ್ ಬಿಡವ್ವಾ, ದಪ್ಪಾಗ್ಲತೀದಿ’ ಎಂದು ತಾಯಿ ಒಂದು ಕಡೆಯಿಂದ. ‘ಬೆಳೆಯೋ ಪೋರಿ, ತುಪ್ಪ ಹಾಕ್’ ಎಂದು ಅಜ್ಜಿ ಇನ್ನೊಂದು ಕಡೆಯಿಂದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 17.2 ಮಂದಿ ತೀರ ಕೃಶರು, 30.1 ಮಂದಿ ಅಧಿಕ ತೂಕದವರು, 47.8 ಮಂದಿ ರಕ್ತಹೀನತೆಯುಳ್ಳವರು. ಈ ಮೂರನೆಯ ಅಂಕಿಯನ್ನು ಗಮನಿಸಿ: ಅರ್ಧದಷ್ಟು ಹೆಂಗಸರ ಮೈಯಲ್ಲಿ ರಕ್ತ ಸಾಲದು. ಕನ್ಯಾ ನೋಡಲು ಬಂದ ಯಾವ ಹಿರಿಯಳೂ ಹುಡುಗಿಯ ಕಣ್ಣಿನ ರೆಪ್ಪೆಯನ್ನು ಕೆಳಗೆಳೆದು ಅದನ್ನು ನೋಡಿದುದಿಲ್ಲ.

ಇಂದಿನ ತಂದೆತಾಯಿಗಳನ್ನು ಸುಮ್ಮನೆ ದೂಷಿಸುವುದು ನ್ಯಾಯವಲ್ಲ. ಮಗಳು ಓದಲೆಂದು ಹೊಲ ಒತ್ತೆಯಿಟ್ಟು, ಹಳ್ಳಿ ಬಿಟ್ಟು ಬಂದು, ಎರಡು ಕೋಣೆಯ ಬಾಡಿಗೆಯ ಮನೆಯಲ್ಲಿ ಇರುವವರು ಈ ರಸ್ತೆಯ ಆಜುಬಾಜಿನಲ್ಲಿ ಬೇಕಾದಷ್ಟು ಮಂದಿ ಸಿಗುವರು. 1934ರಲ್ಲಿ ಮಗಳನ್ನು ಕನ್ಯಾಶಾಲೆಗೆ ಕಳುಹಿಸಲು ಅಂಜಿದವರ ಮೊಮ್ಮಕ್ಕಳು, ಮರಿಮಕ್ಕಳು ಇವರೇ. ಆದರೆ ಅವರು ಮಗಳ ಮುಂದೆ ಇಡುವ ಬೇಡಿಕೆಗಳು ಒಂದನ್ನೊಂದು ತಿನ್ನುವುವು. ಹನ್ನೆರಡು ತಾಸು ಕುಳಿತು ಓದಬೇಕು, ಆದರೆ ದಪ್ಪಗಾಗಬಾರದು. ಆಟವಾಡಿ ಮೈ ಇಳಿಸಬೇಕು, ಆದರೆ ಬಿಸಿಲಿಗೆ ಹೋಗಬಾರದು. ಬೇಸಗೆಯಲ್ಲಿ 42–43 ಡಿಗ್ರಿ ಮುಟ್ಟುವ ಈ ಊರಿನಲ್ಲಿ ಬಿಸಿಲಿಲ್ಲದ ಆಟದ ಬಯಲನ್ನು ಹುಡುಕುವುದೆಲ್ಲಿ? ಆದುದರಿಂದ ಹತ್ತನೆಯ ಇಯತ್ತೆಯ ವೇಳೆಗೆ ಖೋಖೋ ಬಯಲಿನಿಂದ ಮೊದಲು ಮರೆಯಾಗುವವರು ಹುಡುಗಿಯರು. ಸ್ಕೂಟಿಯ ಮೇಲೆ ಹೋಗುವ ತರುಣಿಯರು ಮುಖಕ್ಕೆ ಸ್ಕಾರ್ಫು ಸುತ್ತಿ, ಮೊಳಕೈವರೆಗೆ ಕೈಗವಸು ತೊಟ್ಟು, ಕಣ್ಣು ಮಾತ್ರ ಕಾಣುವಂತೆ ಸಾಗುವುದನ್ನು ಕಂಡಾಗ, ಪರದೆಯ ಬಂಡಿಯಲ್ಲಿ ಶಾಲೆಗೆ ಹೋದ ಮುತ್ತಜ್ಜಿಯರು ಏನೆಂದುಕೊಂಡಾರೋ! ಧೂಳಿಗಾಗಿ ಎಂಬುದು ನಿಜ. ಧೂಳೊಂದಕ್ಕಾಗಿಯೇ ಅಲ್ಲವೆಂಬುದೂ ನಿಜ.

ಶಾಲೆಯು ಈ ವಿಷಯದಲ್ಲಿ ಮನೆಗಿಂತ ಮೇಲಾಗಿರಬೇಕಿತ್ತು. ವರ್ಷಾಂತ್ಯದ ಗ್ಯಾದರಿಂಗಿನ ದಿನ ಅತಿಥಿಗಳಿಗೆ ಆರತಿ ಹಿಡಿದು ಹೂವು ಕೊಡಲು ನಿಲ್ಲಿಸುವ ಹುಡುಗಿಯರನ್ನೂ, ನೃತ್ಯದ ಮುಂದಿನ ಸಾಲಿನ ಹುಡುಗಿಯರನ್ನೂ ನೋಡಿ. ಹಿಂದಿನ ಸಾಲಿನವರನ್ನೂ ನೋಡಿ. ಆಯ್ಕೆಯ ಮಾನದಂಡವನ್ನು ಯಾವ ಶಿಕ್ಷಕಿಯೂ ಹೇಳಿರುವುದಿಲ್ಲ, ಆದರೆ ಸಭೆಯಲ್ಲಿ ಅದನ್ನು ಅರಿಯದ ಮಗು ಒಂದೂ ಇರುವುದಿಲ್ಲ. ತೂಕವನ್ನು ತರಗತಿಯೆದುರು ಗಟ್ಟಿಯಾಗಿ ಕೂಗಿ ಬರೆಯಿಸುವುದೂ ಇಂತಹುದೇ. ಆ ಅಂಕಿಯನ್ನು ಹಿಡಿದು ಹುಡುಗರು ಇಡುವ ಅಡ್ಡಹೆಸರು ಎಸ್ಸೆಸ್ಸೆಲ್ಸಿಯವರೆಗೂ ಬಿಡುವುದಿಲ್ಲ. ತೂಕ ತೆಗೆಯಿರಿ, ರಕ್ತವನ್ನೂ ಪರೀಕ್ಷಿಸಿರಿ, ಫಲವನ್ನು ಮಗುವಿಗೂ ತಾಯಿಗೂ ಮಾತ್ರ ತಿಳಿಸಿರಿ. ಆರತಿಯ ತಟ್ಟೆಯನ್ನು ಚೀಟಿ ಎತ್ತಿ ಕೊಡಿರಿ. ಇದಕ್ಕೆ ಅನುದಾನವೂ ಬೇಡ, ಆಜ್ಞೆಯೂ ಬೇಡ.

ಈ ಚರಿತ್ರೆಯ ಬಹುಪಾಲು ಕಾಗದದ ಮೇಲಿಲ್ಲ. ನಿಜಾಮರ ಕಾಲದ ಕೊನೆಯ ವರ್ಷಗಳಲ್ಲಿ ಪಾಟಿ ಹಿಡಿದು ಶಾಲೆಗೆ ಹೋದ, ಮೈ ನೆರೆದೊಡನೆ ಶಾಲೆ ಬಿಟ್ಟ, ಪಡಸಾಲೆಯಲ್ಲಿ ನಡೆದು ತೋರಿಸಿದ ಅಜ್ಜಿಯರು ಬ್ರಹ್ಮಪುರದಲ್ಲಿ, ಶಹಾಬಜಾರಿನಲ್ಲಿ, ಕಮಲಾಪುರದ ಓಣಿಗಳಲ್ಲಿ ಇನ್ನೂ ಕೆಲವರು ಉಳಿದಿರುವರು. ಅವರಿಗೀಗ ಎಂಬತ್ತೈದು ಮೀರಿದೆ. ವಿಶ್ವವಿದ್ಯಾಲಯದ ಕನ್ನಡ, ಇತಿಹಾಸ ವಿಭಾಗಗಳವರೂ, ಮಹಿಳಾ ಕಾಲೇಜುಗಳ ವಿದ್ಯಾರ್ಥಿನಿಯರೂ ಈ ಬೇಸಗೆಯ ರಜೆಯಲ್ಲಿ ಅವರ ಬಳಿ ಕುಳಿತು, ಕೇಳಿ, ಅವರ ಮಾತಿನಲ್ಲಿಯೇ ಬರೆದಿಡಬೇಕೆಂದು ಬೇಡಿಕೊಳ್ಳುವೆನು.